ಹೆಡ್‌ಫೋನ್ ಕೊಳ್ಳುವಾಗ ಧ್ವನಿ, ಆರಾಮ, ವಿನ್ಯಾಸ: ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು?

ಒಳ್ಳೆಯ ಹೆಡ್‌ಫೋನ್ ಹುಡುಕಲು ಹೊರಟವರು ಮೊದಲು ಧ್ವನಿಯ ವಿಮರ್ಶೆ ಓದುತ್ತಾರೆ. ಗ್ರಾಫ್ ನೋಡುತ್ತಾರೆ, ಡ್ರೈವರ್ (ಒಳಗೆ ಸದ್ದು ಹೊರಡಿಸುವ ಭಾಗ) ಎಷ್ಟು ಮಿಲಿಮೀಟರ್ ಅಂತ ನೋಡುತ್ತಾರೆ, ಆಮೇಲೆ ಫೋಟೊ ನೋಡಿ ಮನಸೋಲುತ್ತಾರೆ. ಅದು ತಲೆಯ ಮೇಲೆ ಎರಡು ಗಂಟೆ ಹೇಗೆ ಕೂರುತ್ತದೆ ಅನ್ನುವ ಪ್ರಶ್ನೆ ಕೊನೆಗೆ ಬರುತ್ತದೆ, ಎಷ್ಟೋ ಸಲ ಹಣ ಕೊಟ್ಟ ಮೇಲೆ.

ಈ ಕ್ರಮ ತಿರುಗಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಕಾರಣ ಸರಳ. ಬಾಸ್ (ತಗ್ಗಿನ ಸದ್ದು) ಸ್ವಲ್ಪ ಕಡಿಮೆ, ಟ್ರೆಬಲ್ (ಎತ್ತರದ ಸದ್ದು) ಸ್ವಲ್ಪ ಚೂಪು ಅನ್ನುವಂಥ ತೊಂದರೆಯನ್ನು ಕೊಂಡ ಮೇಲೂ ಇಕ್ಯೂ, ಅಂದರೆ ಸದ್ದಿನ ಬೇರೆ ಬೇರೆ ಭಾಗಗಳನ್ನು ಏರಿಸಿ ಇಳಿಸುವ ಈಕ್ವಲೈಸರ್ ಹಾಕಿ ಬಹುಮಟ್ಟಿಗೆ ಸರಿಮಾಡಬಹುದು. 600 ಗ್ರಾಂ ತೂಕವನ್ನು ಯಾವ ಆಪ್ ಕೂಡ 300ಕ್ಕೆ ಇಳಿಸುವುದಿಲ್ಲ. ಹಾಗಾಗಿ ಆಮೇಲೆ ಬದಲಾಯಿಸಲು ಆಗದ್ದನ್ನು ಮೊದಲು ನೋಡಿ. ಬದಲಾಯಿಸಲು ಆಗುವಂಥದ್ದನ್ನು ನಂತರ ನೋಡಿದರೂ ನಡೆಯುತ್ತದೆ.

ಇನ್ನೊಂದು ಮಾತು. ಆರಾಮ ಬೇರೆ, ಧ್ವನಿ ಬೇರೆ ಅಂತ ಪೂರ್ತಿ ಬಿಡಿಸಿ ಇಡಲು ಬರುವುದಿಲ್ಲ. ಹಾರ್ಮನ್ ಕಂಪನಿಯಲ್ಲಿ ಶಾನ್ ಆಲಿವ್, ಟಾಡ್ ವೆಲ್ಟಿ ಮತ್ತು ಅವರ ತಂಡ ಜನರಿಗೆ ಎಂಥ ಹೆಡ್‌ಫೋನ್ ಧ್ವನಿ ಹಿಡಿಸುತ್ತದೆ ಅಂತ ಸಂಶೋಧನೆ ಮಾಡಿದಾಗ ಇದೇ ತೊಡಕು ಎದುರಾಯಿತು. ಕಣ್ಣಿಗೆ ಕಾಣದ ಹಾಗೆ ಮಾಡಿದರೂ ತೂಕ, ಬಿಗಿತ, ಪ್ಯಾಡಿನ ಸ್ಪರ್ಶದಿಂದ ಯಾವ ಹೆಡ್‌ಫೋನ್ ಅಂತ ಕೇಳುವವರಿಗೆ ಗೊತ್ತಾಗಿಬಿಡುತ್ತದೆ, ಅಭಿಪ್ರಾಯ ಅಲ್ಲೇ ವಾಲುತ್ತದೆ. ಅದಕ್ಕೇ ಅವರು ಬೇರೆ ಬೇರೆ ಹೆಡ್‌ಫೋನ್‌ಗಳ ಧ್ವನಿಯನ್ನು ಒಂದೇ ಹೆಡ್‌ಫೋನ್ ಮೂಲಕ ಅನುಕರಿಸಿ ಕೇಳಿಸುವ ವಿಧಾನ ಬಳಸಿದರು. ಇವತ್ತು ಎಲ್ಲರೂ ಹೇಳುವ ಹಾರ್ಮನ್ ಕರ್ವ್, ಅಂದರೆ ಬಹಳ ಜನಕ್ಕೆ ಹಿಡಿಸುವ ಧ್ವನಿಯ ಗ್ರಾಫ್, ಹುಟ್ಟಿದ್ದು ಆ ಸಂಶೋಧನೆಯಿಂದ. ಪರಿಣತರನ್ನೇ ಹೀಗೆ ತೂಕ ಮತ್ತು ಸ್ಪರ್ಶ ವಾಲಿಸುತ್ತದೆ ಅಂದರೆ ಅಂಗಡಿಯಲ್ಲಿ ಐದು ನಿಮಿಷ ಕೇಳುವ ನಮ್ಮ ಕಥೆ ಏನು?

ಹೆಜ್ಜೆ 1: ಎಲ್ಲಿ, ಎಷ್ಟು ಹೊತ್ತು ಅಂತ ಮೊದಲು ಬರೆದುಕೊಳ್ಳಿ

ಒಂದು ಚೀಟಿ ತೆಗೆದುಕೊಳ್ಳಿ. ಒಂದೇ ಸಲ ಎಷ್ಟು ಹೊತ್ತು ಕೇಳುತ್ತೀರಿ, ಯಾವ ಕೋಣೆಯಲ್ಲಿ, ಪಕ್ಕದಲ್ಲಿ ಯಾರಿರುತ್ತಾರೆ, ಫ್ಯಾನ್ ಓಡುತ್ತಿರುತ್ತದಾ, ಕನ್ನಡಕ ಇದೆಯಾ. ಇಷ್ಟು ಸಾಕು. ಈ ಚೀಟಿಯೇ ಅರ್ಧ ತೀರ್ಮಾನ ಮಾಡಿಬಿಡುತ್ತದೆ.

ಯಾಕೆಂದರೆ ಮೊದಲ ದೊಡ್ಡ ಆಯ್ಕೆ ಓಪನ್ ಬ್ಯಾಕ್ ಬೇಕಾ, ಕ್ಲೋಸ್ಡ್ ಬ್ಯಾಕ್ ಬೇಕಾ ಅನ್ನುವುದು. ಓಪನ್ ಬ್ಯಾಕ್‌ನಲ್ಲಿ ಕಿವಿಯ ಮೇಲೆ ಕೂರುವ ಕಪ್‌ನ ಹಿಂಭಾಗ ಜಾಲರಿಯಂತೆ ತೆರೆದಿರುತ್ತದೆ, ಕ್ಲೋಸ್ಡ್ ಬ್ಯಾಕ್‌ನಲ್ಲಿ ಮುಚ್ಚಿರುತ್ತದೆ. ಓಪನ್ ಬ್ಯಾಕ್‌ನಲ್ಲಿ. ಗಾಳಿ ಆಡುತ್ತದೆ, ಕಿವಿ ಬೇಗ ಬೆವರುವುದಿಲ್ಲ, ಧ್ವನಿ ತಲೆಯೊಳಗೆ ಸಿಕ್ಕಿಕೊಂಡಂತೆ ಅನಿಸುವುದು ಕಡಿಮೆ. 1968ರಲ್ಲಿ ಸೆನ್‌ಹೈಸರ್ ಎಚ್‌ಡಿ 414 ಬಂದಾಗ ಆರಾಮ ಮತ್ತು ಧ್ವನಿ ಒಟ್ಟಿಗೇ ಮುಂದೆ ಹೋದವು. ಹಳದಿ ಫೋಮ್ ಪ್ಯಾಡಿನ ಆ ಹಗುರ ಹೆಡ್‌ಫೋನ್ ಮಾರುಕಟ್ಟೆಗೆ ಬಂದ ಮೊದಲ ಓಪನ್ ಹೆಡ್‌ಫೋನ್. ಅದಕ್ಕೂ ಮುಂಚಿನವು ಕಿವಿಯನ್ನು ಗಟ್ಟಿಯಾಗಿ ಮುಚ್ಚುವ ಭಾರದ ಸಾಮಾನುಗಳು.

ಆದರೆ ಓಪನ್ ಬ್ಯಾಕ್ ಹೊರಗಿನ ಸದ್ದನ್ನು ತಡೆಯುವುದೇ ಇಲ್ಲ. ನಮ್ಮ ಮನೆಗಳಲ್ಲಿ ಸೀಲಿಂಗ್ ಫ್ಯಾನ್, ಕುಕ್ಕರ್ ವಿಸಿಲ್, ಕೆಳಗೆ ರಸ್ತೆಯಲ್ಲಿ ಹಾರ್ನ್, ಎಲ್ಲ ಒಳಗೆ ಬರುತ್ತವೆ. ನಿಮ್ಮ ಹಾಡೂ ಪಕ್ಕದವರಿಗೆ ಕೇಳುತ್ತದೆ. ಸದ್ದಿರುವ ಕೋಣೆಯಲ್ಲಿ ಓಪನ್ ಬ್ಯಾಕ್ ಹಾಕಿಕೊಂಡವರು ಗೊತ್ತಿಲ್ಲದೆ ವಾಲ್ಯೂಮ್ ಏರಿಸುತ್ತಾ ಹೋಗುತ್ತಾರೆ. ಇದು ನಿಜವಾಗಿ ಕಾಳಜಿ ಮಾಡಬೇಕಾದ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್ ಮಿತಿ. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ. ಅಂದರೆ 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಫ್ಯಾನ್ ಸದ್ದು ಮೀರಿಸಲು ನೀವು ತಿರುಗಿಸುವ ಆ ಸ್ವಲ್ಪ ವಾಲ್ಯೂಮ್ ಕಿವಿಯ ಲೆಕ್ಕದಲ್ಲಿ ಸ್ವಲ್ಪ ಅಲ್ಲ.

ನನ್ನ ಸಲಹೆ: ರಾತ್ರಿ ಮನೆ ತಣ್ಣಗಾದ ಮೇಲೆ ಕೇಳುವವರಾದರೆ ಓಪನ್ ಬ್ಯಾಕ್. ಹಗಲು, ಆಫೀಸು, ಮಕ್ಕಳ ಗಲಾಟೆಯ ನಡುವೆ ಕೇಳುವವರಾದರೆ ಕ್ಲೋಸ್ಡ್ ಬ್ಯಾಕ್. ಬಸ್ಸು, ಮೆಟ್ರೊ ಆದರೆ ನಾಯ್ಸ್ ಕ್ಯಾನ್ಸಲಿಂಗ್ (ಹೊರಗಿನ ಸದ್ದು ತಗ್ಗಿಸುವ ವ್ಯವಸ್ಥೆ) ಇರುವ ಬ್ಲೂಟೂತ್ ಹೆಡ್‌ಫೋನ್. ಅಲ್ಲಿ ಧ್ವನಿಯ ಸೂಕ್ಷ್ಮಕ್ಕೆ ತಲೆಕೆಡಿಸಿಕೊಳ್ಳುವ ಆಡಿಯೊಫೈಲ್‌ಗಳ ಚರ್ಚೆಯೇ ಬೇಡ, ಮೆಟ್ರೊ ಗದ್ದಲದಲ್ಲಿ ಸೂಕ್ಷ್ಮ ಯಾವುದೂ ಉಳಿಯುವುದಿಲ್ಲ.

ಹೆಜ್ಜೆ 2: ತೂಕ ನೋಡಿ, ಆದರೆ ಅಂಕಿ ಒಂದನ್ನೇ ನಂಬಬೇಡಿ

ಕೆಲವು ತೂಕ ಗೊತ್ತಿದ್ದರೆ ಹೋಲಿಸುವುದು ಸುಲಭ. ಸೆನ್‌ಹೈಸರ್ ಎಚ್‌ಡಿ 560ಎಸ್ 240 ಗ್ರಾಂ, ಎಚ್‌ಡಿ 600 ಮಾದರಿ 260 ಗ್ರಾಂ, ಬಯರ್‌ಡೈನಾಮಿಕ್ ಡಿಟಿ 770 ಪ್ರೊ 270 ಗ್ರಾಂ. ಇವು ಕೇಬಲ್ ಬಿಟ್ಟು. ಹೈಫೈಮ್ಯಾನ್ ಕಂಪನಿಯ ‘ಸುಂದರ’ ಅನ್ನುವ ಮಾದರಿ 372, ಅದೇ ಕಂಪನಿಯ ಎಚ್‌ಇ400ಎಸ್‌ಇ 390. ಆಪಲ್ ಏರ್‌ಪಾಡ್ಸ್ ಮ್ಯಾಕ್ಸ್ ಸುಮಾರು 385. ಆಡೀಜಿ ಎಲ್‌ಸಿಡಿ-ಎಕ್ಸ್ 612 ಗ್ರಾಂ. ಕೊನೆಯದು ಅರ್ಧ ಕಿಲೋ ಅಕ್ಕಿಗಿಂತ ಜಾಸ್ತಿ, ತಲೆಯ ಮೇಲೆ.

ಈ ಪಟ್ಟಿಯ ಹೈಫೈಮ್ಯಾನ್, ಆಡೀಜಿ ಹೆಡ್‌ಫೋನ್‌ಗಳು ಪ್ಲೇನಾರ್ ಅನ್ನುವ ಬಗೆಯವು. ಪ್ಲೇನಾರ್ ಹೆಡ್‌ಫೋನ್‌ಗಳು ಭಾರ ಆಗುವುದಕ್ಕೆ ಕಾರಣ ಇದೆ. ಸಾಮಾನ್ಯ ಡೈನಾಮಿಕ್ ಡ್ರೈವರ್‌ನಲ್ಲಿ ಒಂದು ಚಿಕ್ಕ ಸುರುಳಿ, ಒಂದು ಅಯಸ್ಕಾಂತ. ಪ್ಲೇನಾರ್‌ನಲ್ಲಿ ಇಡೀ ತೆಳು ಹಾಳೆಯ ಮೇಲೆ ವಾಹಕದ ಗೆರೆಗಳಿರುತ್ತವೆ, ಹಾಳೆ ಪೂರ್ತಿ ಅಲುಗಬೇಕು, ಅದಕ್ಕೆ ಅದರ ಉದ್ದಗಲಕ್ಕೂ ಅಯಸ್ಕಾಂತದ ಸಾಲುಗಳು ಬೇಕು. ಇದರಿಂದ ಸಿಗುವ ಲಾಭವೂ ನಿಜ. ಆಳದ ಬಾಸ್ ಕೆಳಗಿನವರೆಗೂ ಕುಗ್ಗದೆ ಹೋಗುತ್ತದೆ, ವಿರೂಪ (ಧ್ವನಿ ಕೆಡುವುದು) ಕಡಿಮೆ. ಮೃದಂಗದ ಎಡಗೈ ಪೆಟ್ಟು ಒಳ್ಳೆಯ ಪ್ಲೇನಾರ್‌ನಲ್ಲಿ ಕೇಳಿದರೆ ಅದರ ಗಾತ್ರವೇ ಬೇರೆ ಅನಿಸುತ್ತದೆ. ಆ ಸುಖಕ್ಕೆ ಕುತ್ತಿಗೆ ಬೆಲೆ ಕೊಡುತ್ತದೆ. ಮುಕ್ಕಾಲು ಗಂಟೆ ಕೇಳಿ ಎದ್ದೇಳುವವರಿಗೆ ಇದು ಒಪ್ಪುವ ವ್ಯವಹಾರ. ಇಡೀ ದಿನ ಕೆಲಸ ಮಾಡುತ್ತಾ ಕೇಳುವವರಿಗೆ ನಾನು ಎಲ್‌ಸಿಡಿ-ಎಕ್ಸ್ ಹೇಳುವುದಿಲ್ಲ, ಅದರ ಧ್ವನಿ ಎಷ್ಟೇ ಚೆನ್ನಾಗಿದ್ದರೂ.

ಇನ್ನು ತೂಕ ಹಂಚಿಕೆ. ತಲೆಯ ನೆತ್ತಿಯಲ್ಲಿ ಒಂದೇ ಜಾಗಕ್ಕೆ ಒತ್ತುವ 270 ಗ್ರಾಂ, ಅಗಲವಾದ ಪಟ್ಟಿಯ ಮೇಲೆ ಹರಡಿದ 380 ಗ್ರಾಂಗಿಂತ ಹೆಚ್ಚು ನೋಯಿಸಬಹುದು. ಅದಕ್ಕೇ ಭಾರದ ಹೆಡ್‌ಫೋನ್‌ಗಳಲ್ಲಿ ಮೇಲೆ ಲೋಹದ ಕಮಾನು, ಅದರ ಕೆಳಗೆ ತೂಗುವ ಚರ್ಮದ ಪಟ್ಟಿ ಇರುವ ವಿನ್ಯಾಸ ಬಂದದ್ದು. ಜುಟ್ಟು ಅಥವಾ ಎತ್ತಿ ಕಟ್ಟಿದ ಮುಡಿ ಇರುವವರು ಇದನ್ನು ಹಾಕಿಯೇ ನೋಡಬೇಕು. ಫೋಟೊದಲ್ಲಿ ಗೊತ್ತಾಗುವುದಿಲ್ಲ.

ಹೆಜ್ಜೆ 3: ನಿಮ್ಮ ಕಿವಿ ಅಳೆಯಿರಿ

ಇದನ್ನು ಬಹಳ ಜನ ಮಾಡುವುದಿಲ್ಲ, ಆದರೆ ಎರಡು ನಿಮಿಷದ ಕೆಲಸ. ಸ್ಕೇಲ್ ಹಿಡಿದು ಕಿವಿಯ ಉದ್ದ, ಅಗಲ, ತಲೆಯಿಂದ ಎಷ್ಟು ಹೊರಗೆ ಚಾಚಿದೆ ಅನ್ನುವುದನ್ನು ಅಳೆಯಿರಿ. ಪ್ಯಾಡಿನ ಒಳಗಿನ ರಂಧ್ರದ ಅಳತೆಯೊಂದಿಗೆ ಹೋಲಿಸಿ. ಕಿವಿ ಪ್ಯಾಡಿನ ಒಳಗೆ ಪೂರ್ತಿ ಕೂರಬೇಕು, ಕಿವಿಯ ಅಂಚು ಡ್ರೈವರ್ ಮೇಲಿನ ಬಟ್ಟೆಗೆ ತಾಗಬಾರದು. ತಾಗಿದರೆ ಮೊದಲ ಹತ್ತು ನಿಮಿಷ ಏನೂ ಅನಿಸುವುದಿಲ್ಲ, ಒಂದು ಗಂಟೆಗೆ ಅದೊಂದೇ ಅನಿಸುತ್ತದೆ. ಗ್ರಾಡೊ ಕಂಪನಿಯವುಗಳಂಥ, ಕಿವಿಯ ಮೇಲೇ ಕೂರುವ ಹೆಡ್‌ಫೋನ್‌ಗೆ ಈ ಲೆಕ್ಕ ಇಲ್ಲ. ಅಲ್ಲಿ ಪ್ರಶ್ನೆ ನಿಮ್ಮ ಕಿವಿಯ ಹಾಲೆ ಎಷ್ಟು ಹೊತ್ತು ಒತ್ತು ತಡೆಯುತ್ತದೆ ಅನ್ನುವುದು. ಓಲೆ, ಜುಮ್ಕಿ ಹಾಕುವವರಿಗೆ ಅದು ಬೇಗ ಕಷ್ಟ ಆಗುತ್ತದೆ.

ಕನ್ನಡಕದ ವಿಷಯ ಪ್ರತ್ಯೇಕವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ಆರಾಮ ಮತ್ತು ಧ್ವನಿ ಎರಡೂ ಒಂದೇ ಸಲ ಕೆಡುತ್ತವೆ. ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್‌ನ ಬಾಸ್ ಪ್ಯಾಡ್ ಚರ್ಮಕ್ಕೆ ಸಂದಿಲ್ಲದೆ ಅಂಟಿ ಕೂರುವುದರ ಮೇಲೆ ನಿಂತಿದೆ. ಕನ್ನಡಕದ ಕಡ್ಡಿ ಆ ಸಂದು ಮಾಡುತ್ತದೆ, ಬಾಸ್ ಸೋರಿಹೋಗುತ್ತದೆ. ಪರೀಕ್ಷೆ ಹೀಗೆ: ಬಾಸ್ ಇರುವ ಹಾಡು ಹಾಕಿ, ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಬಾಸ್ ಒಮ್ಮೆಲೇ ಜಾಸ್ತಿ ಆದರೆ ನಿಮ್ಮ ಸೀಲ್ ಸೋರುತ್ತಿದೆ. ಅಂದಮೇಲೆ ನೀವು ಓದಿದ ವಿಮರ್ಶೆಯ ಬಾಸ್ ನಿಮಗೆ ಸಿಗುವುದಿಲ್ಲ. ತೆಳು ಕಡ್ಡಿಯ ಕನ್ನಡಕ, ಮೆತ್ತನೆಯ ದಪ್ಪ ಪ್ಯಾಡ್, ಇಲ್ಲವೇ ಓಪನ್ ಬ್ಯಾಕ್, ಈ ಮೂರರಲ್ಲಿ ಒಂದು ದಾರಿ ಹಿಡಿಯಬೇಕು.

ಬಿಗಿತವನ್ನು ಕೆಲವು ಕಂಪನಿಗಳು ನ್ಯೂಟನ್ ಲೆಕ್ಕದಲ್ಲಿ ಕೊಡುತ್ತವೆ. ಸಿಕ್ಕಿದರೆ ಹೋಲಿಸಿ, ಸಿಗದಿದ್ದರೆ ಹಾಕಿ ನೋಡಿ. ಎಚ್‌ಡಿ 600 ಹೊಸದರಲ್ಲಿ ಕೆನ್ನೆ, ದವಡೆ ಹಿಡಿದಂತೆ ಬಿಗಿ. ಅದರ ಹೆಡ್‌ಬ್ಯಾಂಡ್‌ನ ಒಳಗೆ ಲೋಹದ ಪಟ್ಟಿ ಇರುವುದರಿಂದ ನಿಧಾನವಾಗಿ ಅಗಲಿಸಿ ಸಡಿಲ ಮಾಡಬಹುದು. ಎರಡು ಮೂರು ದಪ್ಪ ಪುಸ್ತಕ ಜೋಡಿಸಿ ರಾತ್ರಿಯೆಲ್ಲಾ ಅದರ ಮೇಲೆ ಹಾಕಿಟ್ಟರೂ ಆಗುತ್ತದೆ. ಬರೀ ಪ್ಲಾಸ್ಟಿಕ್ ಕಮಾನಿಗೆ ಈ ಪ್ರಯೋಗ ಬೇಡ, ಮುರಿದೀತು. ಅತಿ ಸಡಿಲ ಮಾಡಿದರೆ ಸೀಲ್ ಹೋಗುತ್ತದೆ ಅನ್ನುವುದೂ ನೆನಪಿರಲಿ.

ಅಗ್ಗದಲ್ಲಿ ಆರಾಮದ ವಿನ್ಯಾಸ ನೋಡಬೇಕು ಅಂದರೆ ಕಾಸ್ ಪೋರ್ಟಾ ಪ್ರೊ ನೋಡಿ. 1984ರದ್ದು, ಇವತ್ತಿಗೂ ಬಹುಪಾಲು ಅದೇ ರೂಪ. ಅದರಲ್ಲಿ ಒಂದು ಚಿಕ್ಕ ಸ್ವಿಚ್ ಇದೆ. ಒತ್ತು ಕಿವಿಯ ಮೇಲೆ ಬೀಳಬೇಕಾ, ಕಪಾಲದ ಮೇಲೆ ಬೀಳಬೇಕಾ ಅಂತ ಮೂರು ಹಂತದಲ್ಲಿ ಆರಿಸಬಹುದು. ಇಷ್ಟು ಕಾಳಜಿ ಅದಕ್ಕಿಂತ ಇಪ್ಪತ್ತು ಪಟ್ಟು ದುಬಾರಿ ಹೆಡ್‌ಫೋನ್‌ಗಳಲ್ಲೂ ಅಪರೂಪ.

ಹೆಜ್ಜೆ 4: ಪ್ಯಾಡಿನ ಬಟ್ಟೆ, ನಮ್ಮ ಹವೆ

ಮಂಗಳೂರು, ಕಾರವಾರದ ಸೆಕೆಯಲ್ಲಿ ಕೃತಕ ಚರ್ಮದ ಪ್ಯಾಡ್ ಅರ್ಧ ಗಂಟೆಗೆ ಒದ್ದೆ. ಕಲಬುರಗಿಯ ಏಪ್ರಿಲ್‌ನಲ್ಲೂ ಅಷ್ಟೇ. ಬೆಂಗಳೂರು, ಮಡಿಕೇರಿಯವರಿಗೆ ಸ್ವಲ್ಪ ವಿನಾಯಿತಿ. ಸೆಕೆ ಒಂದೇ ಅಲ್ಲ, ಬಾಳಿಕೆಯ ಪ್ರಶ್ನೆಯೂ ಇದೆ. ಈ ಕೃತಕ ಚರ್ಮದ ಮೇಲ್ಪದರ ಹೆಚ್ಚಾಗಿ ಪಾಲಿಯುರೆಥೇನ್. ತೇವ, ಬೆವರು, ಶಾಖ ಸೇರಿ ಅದನ್ನು ನಿಧಾನವಾಗಿ ಒಡೆಯುತ್ತವೆ, ಆಮೇಲೆ ಕಪ್ಪು ಚೂರುಗಳು ಕಿವಿಗೆಲ್ಲಾ ಅಂಟುತ್ತವೆ. ಬಳಸದೆ ಪೆಟ್ಟಿಗೆಯಲ್ಲಿ ಇಟ್ಟರೂ ಕರಾವಳಿಯ ತೇವಕ್ಕೆ ಉದುರುವುದುಂಟು.

ವೆಲೂರ್, ಅಂದರೆ ಮಖಮಲ್ಲಿನಂಥ ಬಟ್ಟೆಯ ಪ್ಯಾಡ್ ಇಲ್ಲಿಗೆ ಹೆಚ್ಚು ಹೊಂದುತ್ತದೆ. ಡಿಟಿ 770 ಪ್ರೊ, ಡಿಟಿ 990 ಪ್ರೊಗಳ ಬೂದು ವೆಲೂರ್ ಪ್ಯಾಡ್ ನನ್ನ ಲೆಕ್ಕದಲ್ಲಿ ಆ ಬೆಲೆಯ ಹೆಡ್‌ಫೋನ್‌ಗಳಲ್ಲೇ ಅತ್ಯಂತ ಸುಖದ್ದು. ಧೂಳು, ಕೂದಲು ಹಿಡಿಯುತ್ತದೆ, ಆಗಾಗ ಬಿಚ್ಚಿ ಶುಚಿ ಮಾಡಬೇಕು. ಅಷ್ಟು ಕೆಲಸ ಇದ್ದದ್ದೇ.

ಇಲ್ಲಿ ಒಂದು ಎಚ್ಚರಿಕೆ. "ಪ್ಯಾಡ್ ಸರಿ ಇಲ್ಲ ಅಂದ್ರೆ ಬೇರೆ ಹಾಕಿದ್ರೆ ಆಯ್ತು" ಅಂತ ಹೇಳುವವರು ಬಹಳ. ಪ್ಯಾಡ್ ಬದಲಾದರೆ ಧ್ವನಿಯೂ ಬದಲಾಗುತ್ತದೆ. ಪ್ಯಾಡಿನ ದಪ್ಪ ಕಿವಿಗೂ ಡ್ರೈವರ್‌ಗೂ ಇರುವ ದೂರ ನಿರ್ಧರಿಸುತ್ತದೆ, ಅದರ ಬಟ್ಟೆ ಎಷ್ಟು ಗಾಳಿ ಬಿಡುತ್ತದೆ ಅನ್ನುವುದು ಬಾಸ್ ಅನ್ನು ನಿರ್ಧರಿಸುತ್ತದೆ. ಡಿಟಿ 770ಕ್ಕೆ ಸುಮ್ನೆ ಚರ್ಮದ ಪ್ಯಾಡ್ ಹಾಕಿದರೆ ಅದು ನೀವು ವಿಮರ್ಶೆಯಲ್ಲಿ ಓದಿದ ಡಿಟಿ 770 ಆಗಿ ಉಳಿಯುವುದಿಲ್ಲ. ಕಂಪನಿಯ ಮೂಲ ಪ್ಯಾಡೇ ನಿಮಗೆ ಆರಾಮ ಇದೆಯಾ ಅನ್ನುವುದನ್ನು ನೋಡಿ ಕೊಳ್ಳಿ.

ಹೆಜ್ಜೆ 5: ಈಗ ಧ್ವನಿ ಕೇಳಿ

ಮೇಲಿನ ನಾಲ್ಕು ಹೆಜ್ಜೆ ದಾಟಿ ಉಳಿದ ಎರಡು ಮೂರು ಹೆಡ್‌ಫೋನ್‌ಗಳನ್ನು ಮಾತ್ರ ಕೇಳಿ. ಹತ್ತು ಕೇಳಿದರೆ ಕಿವಿ ದಣಿದು ಎಲ್ಲವೂ ಒಂದೇ ಥರ ಆಗುತ್ತದೆ.

ವಾಲ್ಯೂಮ್ ಸಮ ಮಾಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಎರಡರಲ್ಲಿ ಒಂದು ಒಂದೆರಡು ಡೆಸಿಬಲ್ ಜೋರಿದ್ದರೂ ಮನಸ್ಸು "ಇದೇ ಚೆನ್ನಾಗಿದೆ" ಅನ್ನುತ್ತದೆ. ಜೋರು ಅಂತ ಅನಿಸುವುದಿಲ್ಲ, ಸ್ಪಷ್ಟ ಅಂತ ಅನಿಸುತ್ತದೆ. ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ ಒಂದೇ ಸಮನೆ ಭೋರ್ಗರೆಯುವ ಸದ್ದು) ಹಾಕಿ ಎರಡೂ ಸಮ ಅನಿಸುವಂತೆ ಹೊಂದಿಸಿ, ಆಮೇಲೆ ಗುಂಡಿ ಮುಟ್ಟಬೇಡಿ.

ಏನು ಕೇಳಬೇಕು? ಮಾದರಿ ಪಟ್ಟಿಗಳಲ್ಲಿರುವ ವಿದೇಶಿ ಹಾಡುಗಳೇ ಆಗಬೇಕಿಲ್ಲ. ನೀವು ವರ್ಷಗಟ್ಟಲೆ ಕೇಳಿದ, ಪ್ರತಿ ಉಸಿರೂ ಗೊತ್ತಿರುವ ಹಾಡು ಹಾಕಿ. ತಂಬೂರಿಯ ಶ್ರುತಿ ಬಹಳ ಒಳ್ಳೆಯ ಪರೀಕ್ಷೆ, ಅದರ ಝೇಂಕಾರದಲ್ಲಿ ಕೆಳಗಿನಿಂದ ಮೇಲಿನವರೆಗೆ ಸ್ವರದ ಪದರಗಳಿರುತ್ತವೆ. ಯಾವುದೋ ಒಂದು ಪದರ ಎದ್ದು ಕಿರುಚಿದರೆ ಆ ಜಾಗದಲ್ಲಿ ಹೆಡ್‌ಫೋನ್‌ಗೆ ಉಬ್ಬು ಇದೆ, ಬೇಕಾದ್ದಕ್ಕಿಂತ ಜೋರಾಗಿ ಕೇಳಿಸುತ್ತದೆ ಅಂತ. ಹೆಣ್ಣು ದನಿಯ ಭಾವಗೀತೆ ಹಾಕಿ ಸ, ಶ, ಷ ಚುಚ್ಚುತ್ತವಾ ಅಂತ ಕೇಳಿ. ಡಿಟಿ 990 ಪ್ರೊದಲ್ಲಿ 8 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಎತ್ತರದ ಉಬ್ಬು ಇರುವುದರಿಂದ ಅಲ್ಲಿ ಚುಚ್ಚುತ್ತದೆ. ಯಕ್ಷಗಾನದ ಧ್ವನಿಮುದ್ರಣ ಇದ್ದರೆ ಅದಕ್ಕಿಂತ ಕಠಿಣ ಪರೀಕ್ಷೆ ಬೇರೆ ಬೇಡ. ಚಂಡೆ, ಮದ್ದಳೆ, ಚಕ್ರತಾಳ ಮೂರೂ ಒಟ್ಟಿಗೆ ಏರಿದಾಗ ಭಾಗವತರ ಸಾಹಿತ್ಯ ತಿಳಿಯುತ್ತದಾ, ತಾಳದ ಲೋಹದ ಸದ್ದು ಹಲ್ಲು ಜುಮ್ಮೆನ್ನಿಸುತ್ತದಾ ಅಂತ ನೋಡಿ. 1997ರಲ್ಲಿ ಬಂದ ಎಚ್‌ಡಿ 600 ಇಷ್ಟು ವರ್ಷ ಆದರೂ ಜನ ಕೊಳ್ಳುತ್ತಿರುವುದು ಬಾಸ್ ಮತ್ತು ಟ್ರೆಬಲ್ ನಡುವಿನ ಮಧ್ಯದ ಭಾಗಕ್ಕಾಗಿ. ಮನುಷ್ಯನ ದನಿ ಅದರಲ್ಲಿ ಮನುಷ್ಯನ ದನಿಯಂತೆಯೇ ಕೇಳುತ್ತದೆ. ಅದರ ಕೊರತೆ ಆಳದ ಬಾಸ್ ಮತ್ತು ವೇದಿಕೆಯ ಅಗಲ, ಅಂದರೆ ಹಾಡು ಎಷ್ಟು ವಿಶಾಲ ಜಾಗದಲ್ಲಿ ಹರಡಿದಂತೆ ಕೇಳುತ್ತದೆ ಅನ್ನುವುದು. ಈ ಎರಡು ನಿಮಗೆ ಪ್ರಾಣವಾದರೆ ಅದು ನಿಮ್ಮ ಹೆಡ್‌ಫೋನ್ ಅಲ್ಲ.

ಕೇಳುವಾಗ ಹೆಡ್‌ಫೋನನ್ನು ಅರ್ಧ ಸೆಂಟಿಮೀಟರ್ ಹಿಂದೆ ಮುಂದೆ ಸರಿಸಿ ನೋಡಿ. ಟ್ರೆಬಲ್ ಬದಲಾಗುತ್ತದೆ. ತಲೆಯ ಮೇಲೆ ಸ್ಥಿರವಾಗಿ ಒಂದೇ ಜಾಗದಲ್ಲಿ ಕೂರದ ಹೆಡ್‌ಫೋನ್ ದಿನಕ್ಕೊಂದು ಥರ ಕೇಳಿಸುತ್ತದೆ.

ಆಂಪ್ (ಹೆಡ್‌ಫೋನ್‌ಗೆ ಹೆಚ್ಚು ಶಕ್ತಿ ಕೊಡುವ ಪೆಟ್ಟಿಗೆ) ಬೇಕಾ ಅನ್ನುವುದನ್ನೂ ಇಲ್ಲೇ ಲೆಕ್ಕ ಹಾಕಿ. ಎಚ್‌ಡಿ 600ರ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 300 ಓಮ್, 1 ವೋಲ್ಟ್ ಕೊಟ್ಟರೆ 97 ಡೆಸಿಬಲ್. ಹೆಡ್‌ಫೋನ್ ಜೋಡಿಸಲು ಫೋನಿಗೆ ಹಾಕುವ ಸಾಧಾರಣ ಡಾಂಗಲ್ 1 ವೋಲ್ಟ್ ಆಸುಪಾಸು ಕೊಡುತ್ತದೆ. ಸಿನಿಮಾ ಹಾಡಿಗೆ ಅದು ಸಾಕು. ಮೆಲ್ಲಗೆ ಮುದ್ರಿಸಿದ ಹಳೆಯ ಕಛೇರಿಗಳಿಗೆ ಸಾಲದೆ ಹೋಗಬಹುದು. ಆಂಪ್‌ನ ಬೆಲೆ, ಮೇಜಿನ ಮೇಲೆ ಅದರ ಜಾಗ, ಅಲ್ಲೇ ಕೂತು ಕೇಳಬೇಕಾದ ಕಟ್ಟು, ಇವೂ ಆರಾಮದ ಲೆಕ್ಕಕ್ಕೇ ಬರುತ್ತವೆ ಅಲ್ವಾ?

ಹೆಜ್ಜೆ 6: ಯಾವುದನ್ನು ತಿದ್ದಬಹುದು ಅಂತ ವಿಂಗಡಿಸಿ

ಕೇಳಿ ಮುಗಿದ ಮೇಲೆ ಪ್ರತಿ ಹೆಡ್‌ಫೋನ್‌ನ ದೂರುಗಳನ್ನು ಎರಡು ಸಾಲಾಗಿ ಬರೆಯಿರಿ. ಟ್ರೆಬಲ್ ಚೂಪು, ಬಾಸ್ ದಪ್ಪ, ದನಿ ಹಿಂದೆ ಸರಿದಂತಿದೆ, ಇವೆಲ್ಲ ಇಕ್ಯೂಗೆ ಬಗ್ಗುತ್ತವೆ. ವಿಂಡೋಸ್ ಕಂಪ್ಯೂಟರಿನಲ್ಲಿ ಈಕ್ವಲೈಸರ್ ಎಪಿಒ, ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್ ಇವೆ. ಆಟೋಇಕ್ಯೂ ಅನ್ನುವ ಮುಕ್ತ ಯೋಜನೆಯಲ್ಲಿ ನೂರಾರು ಹೆಡ್‌ಫೋನ್‌ಗಳಿಗೆ ಸಿದ್ಧ ತಿದ್ದುಪಡಿ ಸಿಗುತ್ತದೆ. ಡಿಟಿ 990ರ ಆ ಉಬ್ಬನ್ನು 8 ಕಿಲೋಹರ್ಟ್ಸ್ ಹತ್ತಿರ 4-5 ಡೆಸಿಬಲ್ ಇಳಿಸಿ ನೋಡಿ, ಬೇರೆಯದೇ ಹೆಡ್‌ಫೋನ್ ಕೈಗೆ ಬಂದಂತೆ ಇರುತ್ತದೆ. ಯಾವುದನ್ನಾದರೂ ಏರಿಸುವುದಾದರೆ ಪ್ರೀಆಂಪ್ (ಇಕ್ಯೂ ಆಪ್‌ನಲ್ಲಿರುವ ಒಟ್ಟು ವಾಲ್ಯೂಮ್‌ನ ಗುಂಡಿ) ಅಷ್ಟೇ ಇಳಿಸಿ, ಇಲ್ಲದಿದ್ದರೆ ಧ್ವನಿ ಒಡೆಯುತ್ತದೆ.

ಇಕ್ಯೂ ಮುಟ್ಟದ ಸಾಲು: ತೂಕ, ಕಪ್‌ನ ಗಾತ್ರ, ಹೊರಗಿನ ಸದ್ದು ಬರುವುದು, ಓಪನ್ ಬ್ಯಾಕ್‌ನ ತೆರೆದ ಭಾವ. ಚಿಕ್ಕ ಡೈನಾಮಿಕ್ ಓಪನ್ ಬ್ಯಾಕ್‌ನ ಆಳದ ಬಾಸ್ ಕೂಡ ಬಹುಪಾಲು ಇದೇ ಸಾಲಿನದ್ದು, ಬಹಳ ಏರಿಸಿದರೆ ವಿರೂಪ ಏರುತ್ತದೆ. ಈ ಎರಡನೇ ಸಾಲಿನಲ್ಲಿ ಯಾವ ಹೆಡ್‌ಫೋನ್‌ಗೆ ದೂರು ಕಡಿಮೆಯೋ ಅದನ್ನೇ ಆರಿಸಿ. ಇಕ್ಯೂ ಮಾಡುವುದೇ ಇಷ್ಟ ಇಲ್ಲ, ಪೆಟ್ಟಿಗೆಯಿಂದ ತೆಗೆದು ತಲೆಗೆ ಹಾಕಿಕೊಂಡು ಕೇಳಬೇಕು ಅಷ್ಟೇ ಅನ್ನುವವರಿದ್ದಾರೆ. ಅವರು ಮಾತ್ರ ಧ್ವನಿಯ ಬಣ್ಣಕ್ಕೆ ಆರಾಮದಷ್ಟೇ ಬೆಲೆ ಕೊಡಬೇಕು.

ಹೆಜ್ಜೆ 7: ವಿನ್ಯಾಸವನ್ನು ರಿಪೇರಿ ಮಾಡುವವರ ಕಣ್ಣಲ್ಲಿ ನೋಡಿ

ಚೆಂದ ಇರಲಿ, ತಪ್ಪೇನಿಲ್ಲ. ದಿನಾ ಕೈಗೆ ಎತ್ತಿಕೊಳ್ಳುವ ವಸ್ತು ಕಣ್ಣಿಗೂ ಹಿಡಿಸಬೇಕು. ಆದರೆ ನಾನು ವಿನ್ಯಾಸ ಅಂತ ಮೊದಲು ನೋಡುವುದು ಮೂರು: ಕೇಬಲ್ ಕಳಚಿ ಬರುತ್ತದಾ, ಪ್ಯಾಡ್ ಕೈಯಲ್ಲೇ ತೆಗೆಯಬಹುದಾ, ಬಿಡಿಭಾಗ ಸಿಗುತ್ತವಾ. ಎಚ್‌ಡಿ 600 ಇಲ್ಲಿ ಮಾದರಿ. ಹೆಚ್ಚುಕಮ್ಮಿ ಎಲ್ಲ ಭಾಗವನ್ನೂ ಬಿಚ್ಚಿ ಬೇರೆ ಹಾಕಬಹುದು. ಡಿಟಿ 770 ಪ್ರೊ ಗಟ್ಟಿಮುಟ್ಟು, ಆದರೆ ಅದರ ಹಳೆಯ ಮಾದರಿಯ ಕೇಬಲ್ ಕಪ್‌ಗೇ ಬೆಸೆದಿರುತ್ತದೆ. ಕುರ್ಚಿಯ ಚಕ್ರ ಅದರ ಮೇಲೆ ಹೋದರೆ ಬೆಸುಗೆ ಹಾಕುವವರನ್ನು ಹುಡುಕಬೇಕು. ಏರ್‌ಪಾಡ್ಸ್ ಮ್ಯಾಕ್ಸ್‌ನ ಪ್ಯಾಡ್ ಅಯಸ್ಕಾಂತದಿಂದ ಅಂಟುತ್ತದೆ, ಎಳೆದರೆ ಬಂತು. ಅದು ನಿಜವಾಗಿ ಒಳ್ಳೆಯ ಯೋಚನೆ.

ಮಡಚುವ ಕೀಲಿನ ಬಗ್ಗೆ ಎರಡು ಮನಸ್ಸು. ಚೀಲದಲ್ಲಿ ಒಯ್ಯುವವರಿಗೆ ಬೇಕೇ ಬೇಕು. ಸೋನಿ 2022ರ ಡಬ್ಲ್ಯುಎಚ್-1000ಎಕ್ಸ್‌ಎಂ5ನಲ್ಲಿ ಮಡಚುವುದನ್ನು ಬಿಟ್ಟು, 2025ರ ಎಕ್ಸ್‌ಎಂ6ನಲ್ಲಿ ಮತ್ತೆ ತಂದಿತು. ಮನೆಯಲ್ಲೇ ಇರುವ ಹೆಡ್‌ಫೋನ್‌ಗೆ ಮಾತ್ರ ಕೀಲು ಕಡಿಮೆ ಇದ್ದಷ್ಟೂ ಒಳ್ಳೆಯದು, ಬಿರುಕು ಬಿಡುವ ಜಾಗ ಅಷ್ಟು ಕಡಿಮೆ.

ಹೆಜ್ಜೆ 8: ವಾಪಸ್ ಮಾಡುವ ಅವಧಿಯನ್ನು ಬಳಸಿಕೊಳ್ಳಿ

ಕೊಳ್ಳುವ ಮುಂಚೆಯೇ ಪೆಟ್ಟಿಗೆ ತೆರೆದ ಮೇಲೆ ವಾಪಸ್ ತೆಗೆದುಕೊಳ್ಳುತ್ತಾರಾ ಅಂತ ಕೇಳಿ. ಎಷ್ಟೋ ಕಡೆ ಕಿವಿಗೆ ತಾಗಿದ ಸಾಮಾನು ವಾಪಸ್ ಇಲ್ಲ. ತೆಗೆದುಕೊಳ್ಳುವ ಕಡೆ ಸ್ವಲ್ಪ ಜಾಸ್ತಿ ಹಣ ಆದರೂ ಅಲ್ಲೇ ಕೊಳ್ಳಿ. ಮನೆಗೆ ಬಂದ ಮೇಲೆ ಮೊದಲ ರಜೆಯ ದಿನ ಹಾಡು ಹಾಕದೆ ಬರೀ ಹೆಡ್‌ಫೋನ್ ಹಾಕಿಕೊಂಡು ಒಂದು ಗಂಟೆ ಪುಸ್ತಕ ಓದಿ. ಹಾಡು ಇದ್ದರೆ ನೋವು ಮರೆತುಹೋಗುತ್ತದೆ. ನೆತ್ತಿ ಉರಿಯುತ್ತದಾ, ದವಡೆ ಬಿಗಿಯುತ್ತದಾ, ಕಿವಿಯ ಹಿಂದೆ ಕನ್ನಡಕದ ಕಡ್ಡಿ ಒತ್ತುತ್ತದಾ ಅಂತ ಆಗ ಸರಿಯಾಗಿ ಗೊತ್ತಾಗುತ್ತದೆ. ಒಂದು ಗಂಟೆಯೊಳಗೆ ಮೂರು ನಾಲ್ಕು ಸಲ ಸರಿಸಿಕೊಂಡಿರಾದರೆ ವಾಪಸ್ ಕಳಿಸುವುದೇ ಸರಿ. ಆಮೇಲೆ ಅಭ್ಯಾಸ ಆಗುತ್ತದೆ ಅನ್ನುವುದು ಬಿಗಿತಕ್ಕೆ ಸ್ವಲ್ಪ ನಿಜ, ತೂಕಕ್ಕೆ ಅಷ್ಟಾಗಿ ನಿಜ ಅಲ್ಲ.

ಇಟ್ಟುಕೊಳ್ಳುವುದು ಅಂತ ಆದರೆ ಆ ವಾರವೇ ಒಂದು ಜೊತೆ ಮೂಲ ಪ್ಯಾಡ್ ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ ಅಂತ ನೋಡಿಟ್ಟುಕೊಳ್ಳಿ. ಪ್ಯಾಡ್ ಹಳತಾಗಿ ಚಪ್ಪಟೆಯಾದರೆ ಕಿವಿ ಡ್ರೈವರ್‌ಗೆ ಹತ್ತಿರ ಹೋಗುತ್ತದೆ, ಧ್ವನಿ ದಿನದಿನಕ್ಕೆ ಗೊತ್ತಾಗದಂತೆ ಬದಲಾಗುತ್ತದೆ. ಹೊಸದರಲ್ಲಿ ಪ್ಯಾಡಿನ ದಪ್ಪ ಅಳೆದು ಬರೆದಿಡಿ. ಅದು ಅರ್ಧಕ್ಕೆ ಬರುವವರೆಗೆ ಕಾಯದೆ ಬದಲಾಯಿಸಿ.